ಹೆಸರು ಹಿಡಿದು ಕರೆಯುವ ದೇವರು

(ಪಾಸ್ಕ ಕಾಲದ ನಾಲ್ಕನೆಯ ಭಾನುವಾರ – ದೈವಕರೆಗಾಗಿ ಪ್ರಾರ್ಥಿಸುವ ದಿನ)



ಪಾಸ್ಕ ಕಾಲದ ನಾಲ್ಕನೆಯ ಭಾನುವಾರವನ್ನು ಧರ್ಮಸಭೆ ಉತ್ತಮ ಕುರಿಗಾಹಿಯ ಭಾನುವಾರವೆಂದು ಆಚರಿಸುತ್ತದೆ. ಅಂದಿನ ಶುಭಸಂದೇಶ ಸಂತ ಯೊವಾನ್ನರ ಹತ್ತನೆಯ ಅಧ್ಯಾಯದ್ದು. 1964ರಲ್ಲಿ ಪೋಪ್ ಆರನೆಯ ಪೌಲರು ಇದೇ ದಿನವನ್ನು ದೈವಕರೆಗಾಗಿ ಜಗತ್ತಿನಾದ್ಯಂತ ಪ್ರಾರ್ಥಿಸುವ ದಿನವನ್ನಾಗಿ ಮಾಡಿದರು. ಗುರುಗಳಾಗಲು, ಕನ್ಯಾಸ್ತ್ರೀಯರಾಗಲು ಯುವಜನರು ಮುಂದೆ ಬರಲಿ ಎಂದು ಬಲಿಪೂಜೆಯಲ್ಲಿ ಬೇಡಿಕೊಳ್ಳುತ್ತೇವೆ. ಪೂಜೆ ಮುಗಿಸಿ ಮನೆಗೆ ಹೋಗುವಾಗ ನಮ್ಮಲ್ಲಿ ಬಹುಮಂದಿಗೆ ಅನಿಸುವುದು ಇಷ್ಟೇ: ಈ ಭಾನುವಾರ ನಮ್ಮದಲ್ಲ, ಬೇರೆ ಯಾರದೋ ಮಕ್ಕಳದ್ದು.

ಆದರೆ ಆ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ನೋಡೋಣ. ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ ಮಾತು ಅಲ್ಲಿದೆ (ಯೊವಾನ್ನ 10:3). ಲಿಂಗಸುಗೂರು, ಮಸ್ಕಿ ಕಡೆಯ ಎರೆಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸುವುದನ್ನು ನಾವೆಲ್ಲ ಕಂಡವರು. ದಾರಿಯಲ್ಲಿ ನಿಂತು ನೋಡುವ ನಮಗೆ ಅಲ್ಲಿರುವುದೆಲ್ಲ ಒಂದೇ ತರಹದ ಕರಿ ಕುರಿ. ಕಂಬಳಿ ಹೊದ್ದು ಕಾವಲು ಕೂತ ಅಣ್ಣನಿಗೆ ಹಾಗಲ್ಲ. ಯಾವುದರ ಕಾಲು ಕುಂಟು, ಯಾವುದು ಮೊನ್ನೆ ಮರಿ ಹಾಕಿತು, ಯಾವುದು ಬೇಲಿ ಹಾರುವ ಜಾತಿಯದು, ಎಲ್ಲ ಅವನಿಗೆ ಗೊತ್ತು. ಪ್ರಭು ಹೇಳುವುದು ಇಂಥ ಪರಿಚಯದ ಮಾತನ್ನು. ಹಿಂಡಿನಲ್ಲಿ ನಾಲ್ಕೈದು ಕುರಿಗಳಿಗೆ ಮಾತ್ರ ಹೆಸರಿಟ್ಟು ಉಳಿದವನ್ನು ಹಾಗೇ ಬಿಟ್ಟ ಕುರಿಗಾಹಿಯನ್ನು ಶುಭಸಂದೇಶ ಬಲ್ಲದೇ ಇಲ್ಲ.

ಹಾಗಿದ್ದರೂ 'ಕರೆ' ಎಂಬ ಮಾತು ನಮ್ಮ ಮನೆಗಳಲ್ಲಿ ಅಪರೂಪ. ಅದರ ಜಾಗದಲ್ಲಿ ನಾವು ಬಳಸುವ ಮಾತು ಬೇರೆ. ಮಳೆ ಕೈಕೊಟ್ಟಾಗ, ಮಗ ಫೇಲಾದಾಗ, ಮದುವೆ ಮುರಿದಾಗ, "ಏನ್ ಮಾಡೂದ್ರಿ ಫಾದರ್, ನಮ್ಮ ಹಣಿಬರಾನ ಹಿಂಗೈತಿ" ಎನ್ನುತ್ತೇವೆ. ಇನ್ನು ಕೆಲವರು ಅದನ್ನೇ ಸ್ವಲ್ಪ ಭಕ್ತಿಯ ಬಣ್ಣ ಹಚ್ಚಿ "ದೇವರ ಚಿತ್ತ" ಎನ್ನುತ್ತಾರೆ. ಹೆಸರು ಬದಲಾಯಿತೇ ಹೊರತು ಒಳಗಿನ ಅರ್ಥ ಬದಲಾಗಲಿಲ್ಲ. ಹಣೆಬರಹವೆಂದರೆ ಯಾರೋ ಆಗಲೇ ಬರೆದು ಮುಗಿಸಿದ್ದು. ಅದಕ್ಕೆ ನಾವು ಉತ್ತರ ಕೊಡುವಂತಿಲ್ಲ, ಹೊರಬೇಕು ಅಷ್ಟೇ. ಕರೆ ಹಾಗಲ್ಲ. ಕರೆದವರು ಉತ್ತರಕ್ಕಾಗಿ ಕಾಯುತ್ತಾರೆ. ನಜರೇತಿನಲ್ಲಿ ದೇವದೂತ ಬಂದು ಸಂದೇಶ ಹೇಳಿದ ಮೇಲೆ ಮರಿಯಮ್ಮನವರ ಒಪ್ಪಿಗೆಯ ಮಾತು ಬರುವವರೆಗೂ ನಿಂತನಲ್ಲವೇ? (ಲೂಕ 1:26-38). ಇನ್ನೊಂದು ಕಡೆ, ಶ್ರೀಮಂತನಾದ ಒಬ್ಬನನ್ನು ಯೇಸು ಪ್ರೀತಿಯಿಂದ ದಿಟ್ಟಿಸಿ ನೋಡಿ ಕರೆದರು. ಅವನು ಸಪ್ಪೆ ಮುಖ ಮಾಡಿಕೊಂಡು ಹೊರಟುಹೋದ (ಮಾರ್ಕ 10:17-22). ಯೇಸು ಅವನ ತೋಳು ಹಿಡಿದು ಎಳೆದು ತರಲಿಲ್ಲ. ಹಣೆಬರಹವಾಗಿದ್ದರೆ ಅವನು ಹಾಗೆ ಹೋಗಲು ಸಾಧ್ಯವೇ ಇರಲಿಲ್ಲ.

ಈ ವ್ಯತ್ಯಾಸ ಬರೀ ಮಾತಿನದಲ್ಲ. ಸಾಲ ಮೈಮೇಲೆ ಬಂದದ್ದನ್ನು, ಕುಡಿತದಿಂದ ಮನೆ ಹಾಳಾದದ್ದನ್ನು, ಊರಲ್ಲಿ ಕೂಲಿ ಸಿಗದೆ ಮಕ್ಕಳ ಶಾಲೆ ಬಿಡಿಸಿ ಬೆಂಗಳೂರಿಗೆ ಗುಳೆ ಹೋಗುವುದನ್ನು ದೇವರ ಚಿತ್ತವೆಂದು ಕರೆದರೆ, ಮನುಷ್ಯರು ಮಾಡಿದ ಅನ್ಯಾಯಕ್ಕೂ ನಮ್ಮದೇ ದುಡುಕಿಗೂ ದೇವರ ರುಜು ಹಾಕಿಸಿದಂತೆ. ದೇವರು ಆ ಕಷ್ಟವನ್ನು ಬರೆದವರಲ್ಲ. ಆ ಕಷ್ಟದ ನಡುವೆ ನಿಂತು ಕರೆಯುವವರು.

ಮಸ್ಕಿಯವರಿಗೆ ಒಂದು ಮಾತು. ನಿಮ್ಮ ಊರಿನ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಶಾಸನವಿದೆ. ಹಳೆಯ ಕಾಲದ ಚಿನ್ನದ ಗಣಿಗಳ ಗುರುತು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅದನ್ನು ಕಂಡ. ಅಲ್ಲಿಯವರೆಗೆ ದೇಶದ ಉದ್ದಗಲಕ್ಕೂ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇತ್ತು: ದೇವರಿಗೆ ಪ್ರಿಯನಾದವನು, ಪ್ರಿಯದರ್ಶಿ ಎಂದು. ಯಾರು ಈ ದೇವಾನಾಂಪ್ರಿಯ? ಸಿಂಹಳದ ಹಳೆಯ ಗ್ರಂಥಗಳ ಆಧಾರದಿಂದ ವಿದ್ವಾಂಸರು ಅಶೋಕನೇ ಇರಬೇಕು ಎಂದಿದ್ದರು. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆ ಹೆಸರೂ ಸಿಕ್ಕಿತು, ಸಂಶಯ ತೀರಿತು. ಮುಂದೆ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲೂ ಆ ಹೆಸರು ದೊರೆಯಿತು. ಶಾಲೆಯ ಮಕ್ಕಳಿಗೂ ಇದು ಗೊತ್ತು. ಆದರೆ ಆ ಶಾಸನ ಏನು ಹೇಳುತ್ತದೆ ಎಂದು ಕೇಳಿದರೆ ದೊಡ್ಡವರಲ್ಲೂ ಹಲವರು ಸುಮ್ಮನಾಗುತ್ತಾರೆ. ಧರ್ಮದ ದಾರಿಯ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದು ಎಂದು ಯಾರೂ ತಿಳಿಯಬಾರದು, ಶ್ರದ್ಧೆಯಿಂದ ನಡೆದರೆ ಸಣ್ಣವನೂ ಅದನ್ನು ಪಡೆಯಬಲ್ಲ, ಈ ಸಂಗತಿಯನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ತಿರುಳು.

ಕ್ರಿಸ್ತರು ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹಿಂದೆ ಒಬ್ಬ ಬೌದ್ಧ ಉಪಾಸಕ ಇದನ್ನು ಕಲ್ಲಿನಲ್ಲಿ ಬರೆಸಿದ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆದ್ದರಿಂದ ಮಸ್ಕಿಯ ಬಂಡೆಯ ಮುಂದೆ ಕ್ರೈಸ್ತರಾದ ನಾವು ಸ್ವಲ್ಪ ಹೊತ್ತು ನಿಲ್ಲುವುದರಲ್ಲಿ ತಪ್ಪೇನೂ ಇಲ್ಲ. ನಿಂತರೆ ಸ್ವಲ್ಪ ನಾಚಿಕೆಯೂ ಆದೀತು. ಏಕೆಂದರೆ ಪವಿತ್ರತೆ ಎಂಬುದು ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಸೇರಿದ್ದು, ಭತ್ತದ ನಾಟಿ ಹಚ್ಚುವವರಿಗೆ, ಆಟೋ ಓಡಿಸುವವರಿಗೆ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಇಳಿಯುವವರಿಗೆ ಅಲ್ಲ ಎಂದು ನಮ್ಮಲ್ಲಿ ಎಷ್ಟೋ ಮಂದಿ ಇಂದಿಗೂ ನಂಬಿದ್ದಾರೆ. ಅದೇ 1964ರ ನವೆಂಬರಿನಲ್ಲಿ ಮಹಾಸಭೆ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟು ಕಲಿಸಿತು: ಯಾವ ಸ್ಥಿತಿಯಲ್ಲಿದ್ದರೂ, ಯಾವ ಕೆಲಸದಲ್ಲಿದ್ದರೂ, ಪ್ರತಿಯೊಬ್ಬ ಕ್ರೈಸ್ತನಿಗೂ ಪವಿತ್ರತೆಯ ಕರೆ ಇದೆ.

ಈ ಕರೆ ನಮಗೆ ಬಂದದ್ದು ಯಾವಾಗ? ಜ್ಞಾನಸ್ನಾನದ ದಿನ. ದೇವಾಲಯದ ಬಾಗಿಲಲ್ಲಿ ಗುರುಗಳು ತಂದೆತಾಯಿಯರನ್ನು ಕೇಳುವ ಮೊದಲ ಪ್ರಶ್ನೆ ಮಗುವಿನ ಹೆಸರನ್ನು ಕುರಿತದ್ದು. ಜಾತಿ, ಕುಲ, ಎಷ್ಟು ಎಕರೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ಹೆಸರು ಹೇಳಿ ನೀರು ಸುರಿಯುತ್ತೇವೆ. ಬಳಿಕ ಪರಿಮಳ ತೈಲದಿಂದ ನೆತ್ತಿಗೆ ಅಭಿಷೇಕ ಮಾಡುತ್ತೇವೆ. ಯಾಜಕರೂ ಪ್ರವಾದಿಯೂ ಅರಸರೂ ಆದ ಕ್ರಿಸ್ತರ ಅಂಗವಾಗಿ ಆ ಮಗು ಬಾಳಲಿ ಎಂಬುದು ಆ ಅಭಿಷೇಕದ ಪ್ರಾರ್ಥನೆಯ ಅರ್ಥ. ನಾಳೆ ಆ ಮಗು ಗುರುವಾದರೂ, ಗೌಂಡಿಯಾದರೂ ಮೊದಲ ಕರೆ ಅಲ್ಲೇ ಬಂದಾಯಿತು. ಉಳಿದ ಕರೆಗಳೆಲ್ಲ ಅದರ ಕವಲುಗಳು.

ಭಾರತದ ಮೊದಲ ಶ್ರೀಸಾಮಾನ್ಯ ಸಂತ ದೇವಸಹಾಯಂ ಅವರನ್ನು ನೆನೆಯೋಣ. 1712ರಲ್ಲಿ ಈಗಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ ಹುಟ್ಟಿ, ತಿರುವಾಂಕೂರು ಅರಮನೆಯಲ್ಲಿ ಅಧಿಕಾರಿಯಾಗಿದ್ದವರು, ಮದುವೆಯಾದವರು. 1745ರಲ್ಲಿ ಜ್ಞಾನಸ್ನಾನ ಪಡೆದು 'ಲಾಜರ' ಎಂಬ ಹೆಸರು ಹೊತ್ತರು. ದೇವರು ಸಹಾಯ ಮಾಡುತ್ತಾರೆ ಎಂಬುದೇ ಆ ಹೆಸರಿನ ಅರ್ಥ, ತಮಿಳಿನಲ್ಲಿ ದೇವಸಹಾಯಂ. ಗುರುಮಠಕ್ಕೆ ಹೋದವರಲ್ಲ. ಮೇಲುಜಾತಿಯವರಾಗಿದ್ದೂ ಎಲ್ಲರೂ ಸಮಾನರೆಂದು ಸಾರಿದರು, ಹಾಗೆಯೇ ಬಾಳಿದರು. ಅದರ ಬೆಲೆಯನ್ನು 1752ರಲ್ಲಿ ಪ್ರಾಣದಿಂದ ತೆತ್ತರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಸರಿ, ಎಲ್ಲರಿಗೂ ಕರೆ ಇದೆ. ನನಗೆ ಬಂದ ಕರೆ ಯಾವುದೆಂದು ತಿಳಿಯುವುದು ಹೇಗೆ? ಯುವಜನರ ಧ್ಯಾನಕೂಟಗಳಲ್ಲಿ ನಮಗೆ ಎದುರಾಗುವ ಪ್ರಶ್ನೆ ಇದು. ಕೆಲವರು ಕನಸು ಬೀಳಬೇಕು, ಆಕಾಶದಿಂದ ಧ್ವನಿ ಕೇಳಿಸಬೇಕು ಎಂದು ಕಾಯುತ್ತಾರೆ. ಇನ್ನು ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವನ್ನೇ ದೇವರ ಉತ್ತರವೆನ್ನುತ್ತಾರೆ. ಅದು ಗಿಣಿಶಾಸ್ತ್ರಕ್ಕೆ ಹತ್ತಿರವಾದದ್ದು, ವಿಶ್ವಾಸಕ್ಕಲ್ಲ.

ಬಾಲಕ ಸಮುವೇಲನ ಕಥೆ ನೋಡಿ (1 ಸಮುವೇಲ 3). ದೇವರೇ ಹೆಸರು ಹಿಡಿದು ಕರೆದರೂ ಅವನಿಗೆ ಅದು ಮುದುಕ ಏಲಿಯ ಧ್ವನಿಯೆನಿಸಿತು. ಒಂದಲ್ಲ, ಮೂರು ಸಲ ಎದ್ದು ಏಲಿಯ ಬಳಿಗೇ ಓಡಿದ. ಇದು ದೇವರ ಕರೆ ಎಂದು ಗುರುತಿಸಿ ಹೇಳಿದವನು ಏಲಿ. ಕಣ್ಣು ಮಂಜಾಗಿದ್ದ, ತನ್ನ ಸ್ವಂತ ಮಕ್ಕಳನ್ನೇ ತಿದ್ದಲಾಗದೆ ಸೋತಿದ್ದ ಮುದುಕ! ಆದರೂ ಅವನು ಎರಡು ಒಳ್ಳೆಯ ಕೆಲಸ ಮಾಡಿದ. ಹುಡುಗನನ್ನು ಗದರಿಸಿ ಮಲಗಿಸಲಿಲ್ಲ. ಅವನ ಪರವಾಗಿ ತಾನೇ ಉತ್ತರ ಕೊಡಲೂ ಇಲ್ಲ, ಉತ್ತರಿಸುವುದು ಹೇಗೆಂದು ಹೇಳಿಕೊಟ್ಟು ಕಳಿಸಿದ. ತಂದೆತಾಯಿಯರಿಗೆ, ಉಪದೇಶಿಗಳಿಗೆ, ಗುರುಗಳಾದ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಕರೆಯನ್ನು ಒಬ್ಬರೇ ಕೂತು ತಿಳಿಯುವುದು ಕಷ್ಟ. ನಮ್ಮನ್ನು ಬಲ್ಲ, ನಮ್ಮಿಂದ ಏನನ್ನೂ ಬಯಸದ ಒಬ್ಬ ಹಿರಿಯರು ಬೇಕು.

ಮನಸ್ಸಿನ ಒಳಗಿನ ಗುರುತುಗಳ ಬಗ್ಗೆ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅವರು ಯೋಧ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಹೊತ್ತು ಕಳೆಯಲು ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಚರಿತ್ರೆ. ಓದುತ್ತಾ, ನಡುನಡುವೆ ಹಗಲುಗನಸು ಕಾಣುತ್ತಾ ಒಂದು ಸಂಗತಿ ಗಮನಿಸಿದರು. ಯುದ್ಧದಲ್ಲಿ ಗೆದ್ದು ದೊಡ್ಡ ಮನೆತನದ ಹೆಣ್ಣಿನ ಮುಂದೆ ಮೆರೆಯುವ ಕನಸು ಕಾಣುವಾಗ ಬಲು ಸಿಹಿ, ಮುಗಿದ ಮೇಲೆ ಒಳಗೆಲ್ಲ ಒಣಗಿದ ಹಾಗೆ. ಸಂತರಂತೆ ಬಾಳುವ ಕನಸು ಕಾಣುವಾಗಲೂ ಸಂತೋಷ, ಮುಗಿದ ಮೇಲೂ ಆ ಸಂತೋಷ ಉಳಿಯುತ್ತಿತ್ತು. ಉಂಡಾಗಿನ ರುಚಿಯ ಜೊತೆಗೆ ಉಂಡ ಮೇಲಿನ ರುಚಿಯನ್ನೂ ನೋಡಬೇಕು ಎಂಬುದನ್ನು ಅವರು ಹೀಗೆ ಕಲಿತರು. ಅವರ ಇನ್ನೊಂದು ನಿಯಮ ನಮ್ಮ ಮನೆಗಳಿಗೆ ಬಹಳ ಬೇಕಾದದ್ದು. ಮನಸ್ಸು ಕತ್ತಲಾಗಿರುವಾಗ, ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಪರೀಕ್ಷೆಯ ಫಲಿತಾಂಶ ಬಂದ ರಾತ್ರಿ, ಸಾಲ ಕೊಟ್ಟವನು ಬಾಗಿಲಿಗೆ ಬಂದು ಬೈದು ಹೋದ ರಾತ್ರಿ ಬದುಕಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಅಂಥ ರಾತ್ರಿ ನಮ್ಮ ಬಾಗಿಲು ತಟ್ಟಿ. ಎಷ್ಟು ಹೊತ್ತಾಗಿದ್ದರೂ ತಟ್ಟಿ.

ಬಾಗಿಲು ಮುಚ್ಚಿಕೊಂಡದ್ದೂ ಕೆಲವೊಮ್ಮೆ ಕರೆಯ ದಾರಿಯೇ. ಫ್ರಾನ್ಸಿನ ಲೂಯಿ ಮಾರ್ಟಿನ್ ಎಂಬ ತರುಣ ಸನ್ಯಾಸಿಯಾಗಬೇಕೆಂದು ಆಲ್ಪ್ಸ್ ಪರ್ವತದ ಮಠಕ್ಕೆ ಹೋದ. ಲ್ಯಾಟಿನ್ ಬಾರದೆಂದು ವಾಪಸು ಕಳಿಸಿದರು. ಗಡಿಯಾರ ರಿಪೇರಿಯ ಕೆಲಸ ಹಿಡಿದ. ಜೆಲೀ ಎಂಬ ತರುಣಿ ಕನ್ಯಾಮಠದ ಬಾಗಿಲು ತಟ್ಟಿದಳು. ಅಲ್ಲಿಯೂ ಬೇಡವೆಂದರು. ಕಸೂತಿಯ ಲೇಸ್ ಹೆಣೆದು ಮಾರತೊಡಗಿದಳು. ಇಬ್ಬರೂ 1858ರಲ್ಲಿ ಮದುವೆಯಾದರು. ಒಂಬತ್ತು ಮಕ್ಕಳು, ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. ಅವರಲ್ಲಿ ಕೊನೆಯವಳೇ ನಾವೆಲ್ಲ ಬಲ್ಲ ಬಾಲಯೇಸುವಿನ ಸಂತ ತೆರೇಸಾ. 2015ರ ಅಕ್ಟೋಬರಿನಲ್ಲಿ ಆ ತಂದೆತಾಯಿಯನ್ನು ಒಟ್ಟಿಗೇ ಸಂತರೆಂದು ಘೋಷಿಸಲಾಯಿತು. ಅವರು ಸಂತರಾದದ್ದು ಮಗಳ ಹೆಸರಿನಿಂದಲ್ಲ. ಅಂಗಡಿ ನಡೆಸುತ್ತಾ, ಮಕ್ಕಳನ್ನು ಮಣ್ಣು ಮಾಡುತ್ತಾ, ಅಡುಗೆ, ಲೆಕ್ಕ, ಪ್ರಾರ್ಥನೆಗಳ ನಡುವೆ ಒಬ್ಬರನ್ನೊಬ್ಬರು ಬಿಡದೆ ಬಾಳಿದ್ದರಿಂದ.

ಇನ್ನು ನಮ್ಮ ಮನೆಗಳ ಮಾತು. ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ಮಗನನ್ನು ಕರೆತಂದು "ಇವನ್ನ ಸೆಮಿನರಿಗೆ ಹಾಕ್ಕೊಳ್ರಿ ಫಾದರ್" ಎನ್ನುವವರಿದ್ದಾರೆ. ಬೇರೆ ಎಲ್ಲೂ ಸಲ್ಲದವನು ಇಲ್ಲಿ ಸಲ್ಲುತ್ತಾನೆಂಬ ಲೆಕ್ಕ ದೇವರಿಗೂ ಗೌರವವಲ್ಲ, ಆ ಹುಡುಗನಿಗೂ ಅಲ್ಲ. ಇದಕ್ಕೆ ತದ್ವಿರುದ್ಧವಾಗಿ, ಮಗನೇ ಆಸೆಯಿಂದ ಹೋಗುತ್ತೇನೆಂದರೆ "ಇರೋದು ಒಬ್ಬನೇ ಮಗ, ಹೊಲ ಯಾರು ನೋಡ್ಬೇಕು" ಎನ್ನುವ ಮನೆಗಳೂ ಇವೆ. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ, ಮುಪ್ಪಿನ ದಿನಗಳ ಚಿಂತೆ ನಿಜವಾದದ್ದೇ. ಆದರೆ ಹುಡುಗ ಬಂದು ನೋಡಲಿ, ಉಳಿಯಲಿ, ಒಂದು ವೇಳೆ ತನ್ನ ದಾರಿ ಇದಲ್ಲವೆಂದು ಹಿಂದಿರುಗಿದರೆ ಊರು ನಗದಿರಲಿ. ಗುರುಮಠದಲ್ಲಿ ಕಳೆಯುವ ವರ್ಷಗಳು ಇರುವುದೇ ಕರೆಯನ್ನು ಪರೀಕ್ಷಿಸಲಿಕ್ಕೆ. ಹಿಂದಿರುಗಿದವನು ಸೋತವನಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಹತ್ತನೆಯ ತರಗತಿ ಮುಗಿಯುತ್ತಲೇ ಸೋದರಮಾವನಿಗೋ ಪರಿಚಯದವರಿಗೋ ಕೊಟ್ಟು ಕೈತೊಳೆದುಕೊಳ್ಳುವುದು, ನರ್ಸಿಂಗ್ ಓದುತ್ತೇನೆ, ಟೀಚರ್ ಆಗುತ್ತೇನೆ, ಕನ್ಯಾಮಠ ಸೇರುತ್ತೇನೆ ಎಂದ ಹುಡುಗಿಯ ಬಾಯಿ ಮುಚ್ಚಿಸುವುದು ನಡೆದೇ ಇದೆ. ಹೆಣ್ಣಿಗೆ 18 ತುಂಬದೆ ಮದುವೆ ಮಾಡುವುದು ದೇಶದ ಕಾನೂನಿಗೆ ವಿರುದ್ಧ. ಧರ್ಮಸಭೆಯ ಕಾನೂನು ಇನ್ನೂ ಒಳಗೆ ಹೋಗುತ್ತದೆ. ಗಂಡು ಹೆಣ್ಣಿನ ಸ್ವತಂತ್ರ ಒಪ್ಪಿಗೆಯೇ ವಿವಾಹವನ್ನು ಉಂಟುಮಾಡುತ್ತದೆ, ಆ ಒಪ್ಪಿಗೆಯನ್ನು ಅವರ ಬದಲಾಗಿ ಕೊಡುವ ಅಧಿಕಾರ ಲೋಕದಲ್ಲಿ ಯಾರಿಗೂ ಇಲ್ಲ. ಅಪ್ಪನಿಗೂ ಇಲ್ಲ, ಅಜ್ಜಿಗೂ ಇಲ್ಲ, ಗುರುಗಳಿಗೂ ಇಲ್ಲ. ಪೀಠದ ಮುಂದೆ ಗುರುಗಳು ವಧೂವರರನ್ನು ಕೇಳುವ ಪ್ರಶ್ನೆ ಬರೀ ಶಾಸ್ತ್ರಕ್ಕಲ್ಲ. ಮದುವೆ ಒಂದು ದೈವಕರೆ. ಉತ್ತರ ಕೊಡಲು ಬಿಡದೆ ಕೊಡಿಸಿದ ಉತ್ತರ ಉತ್ತರವಾಗುವುದಿಲ್ಲ.

ಗುಳೆ ಹೋಗುವ ಕುಟುಂಬಗಳೂ ಈ ಪುಟ ಓದುತ್ತವೆ. ಊರ ದೇವಾಲಯ ಬಿಟ್ಟ ಮೇಲೆ ಕರೆಯೂ ಊರಲ್ಲೇ ಉಳಿಯಿತೆಂದು ತಿಳಿಯಬೇಡಿ. ಸಂತ ಜೋಸೆಫರು ರಾತ್ರೋರಾತ್ರಿ ಹೆಂಡತಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೋದವರು (ಮತ್ತಾಯ 2:13-15). ಶುಭಸಂದೇಶಗಳಲ್ಲಿ ಅವರ ಬಾಯಿಂದ ಒಂದು ಮಾತೂ ಇಲ್ಲ, ಎದ್ದರು, ಹೊರಟರು ಎಂದಷ್ಟೇ ಇದೆ. ಬೆಂಗಳೂರಿನ ಶೆಡ್ಡಿನಲ್ಲಿ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು ಓಡಾಡುವ ತಂದೆ ತನ್ನ ಕರೆಗೆ ಉತ್ತರ ಕೊಡುತ್ತಿದ್ದಾನೆ, ಅದನ್ನು ಅವನು ಆ ಹೆಸರಿನಿಂದ ಕರೆಯದಿದ್ದರೂ ಸರಿ.

ಶ್ರೀಸಾಮಾನ್ಯರ ಕರೆ ಎಷ್ಟು ದೊಡ್ಡದೆಂಬುದಕ್ಕೆ ನಮ್ಮ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲೇ ಸಾಕ್ಷಿ. ಆದಿಲಶಾಹಿಗಳ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಯೇಸುಸಭೆಯ ಗುರುಗಳಿಂದ ಅಲ್ಲಿ ವಿಶ್ವಾಸದ ಬೀಜ ಬಿತ್ತೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. 1759ರಲ್ಲಿ ಪೋರ್ಚುಗೀಸರು ಗೋವೆಯಿಂದ ಯೇಸುಸಭೆಯವರನ್ನು ಹೊರಗಟ್ಟಿದರು. 1773ರಲ್ಲಿ ಆ ಸಭೆಯನ್ನೇ ವಿಸರ್ಜಿಸಲಾಯಿತು. ರಾಜ್ಯಗಳು ಬದಲಾದವು, ಬಿಜಾಪುರ ಹೋಗಿ ಮೊಘಲರು, ನಿಜಾಮರು ಬಂದರು. ನಮ್ಮ ಬಳ್ಳಾರಿ ಧರ್ಮಕ್ಷೇತ್ರ ಹುಟ್ಟಿದ್ದು 1949ರಲ್ಲಿ. ಇಷ್ಟು ದೀರ್ಘ ಕಾಲ ಮುದಗಲ್ಲಿನ ಕನ್ನಡದ ಮನೆಗಳಲ್ಲಿ ಶಿಲುಬೆಯ ಗುರುತು ಅಳಿಯಲಿಲ್ಲ. ಗುರುಗಳು ಬಂದು ಹೋಗುತ್ತಿರುತ್ತಾರೆ. ಮಗುವಿನ ಪುಟ್ಟ ಕೈ ಹಿಡಿದು ಹಣೆಗೆ, ಎದೆಗೆ, ಭುಜಕ್ಕೆ ಮುಟ್ಟಿಸಿ ಕಲಿಸಿದವರು ಯಾರು? ಅಜ್ಜಿಯರು, ತಾಯಂದಿರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಕರೆದವರಿಗೆ ಗೊತ್ತು.

ಸಿಂಧನೂರಿನವರಿಗೆ ಇದನ್ನೇ ನೀರಿನ ಭಾಷೆಯಲ್ಲಿ ಹೇಳಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿ ನಾಟಿಗೆ ಇಳಿದಿದ್ದವರು ಅಂದು ಅನುಭವಿಸಿದ ಆತಂಕ ನಮಗೆಲ್ಲ ನೆನಪಿದೆ. ವಾರದೊಳಗೆ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಅಲ್ಲಿಯತನಕ ಆ ಸರಪಳಿಯ ಬಗ್ಗೆ ಯಾರು ಯೋಚಿಸಿದ್ದೆವು? ದೇಹದಲ್ಲಿ ಕಣ್ಣು ಕೈಯನ್ನು ಬೇಡವೆನ್ನುವಂತಿಲ್ಲ, ದುರ್ಬಲವೆಂದು ತೋರುವ ಅಂಗಗಳೇ ಬಹಳ ಬೇಕಾದವು ಎಂದು ಸಂತ ಪೌಲರು ಬರೆದದ್ದು (1 ಕೊರಿಂಥ 12) ಇಂಥದ್ದನ್ನೇ. ಇನ್ನೊಂದು ಮಾತು ಕಹಿಯಾದರೂ ಸೇರಿಸುತ್ತೇವೆ. ಕಾಲುವೆಯ ನೀರು ಮೇಲಿನವರ ಹೊಲದಲ್ಲೇ ನಿಂತರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಯಂಚಿನ ಹೊಲಗಳು ಒಣಗುತ್ತವೆ. ದೇವರು ಕೊಟ್ಟ ವರಗಳೂ ಹಾಗೆಯೇ. ಓದು ಬಂದವನ ಓದು, ಹಾಡು ಬಂದವಳ ಹಾಡು, ನಾಲ್ಕು ಕಾಸು ಉಳಿಸಿದವನ ಕಾಸು ನಮ್ಮ ಗದ್ದೆಯಲ್ಲಿ ನಿಲ್ಲಲೆಂದು ಬಂದವಲ್ಲ (1 ಪೇತ್ರ 4:10). ನನ್ನ ಕರೆ ಯಾವುದೆಂದು ಹುಡುಕುವವರು ಒಮ್ಮೆ ಕೆಳಗಿನ ಹೊಲದ ಕಡೆ ನೋಡಲಿ. ಅಲ್ಲಿ ಯಾರು ಬಾಯಾರಿದ್ದಾರೋ ಅವರ ಕಡೆಯಿಂದಲೂ ಕರೆ ಬರುತ್ತದೆ.

ಈ ಭಾನುವಾರ ಸಂಜೆ ಜಪಮಾಲೆ ಮುಗಿದ ಮೇಲೆ ಟಿವಿ, ಮೊಬೈಲು ಬದಿಗಿಟ್ಟು ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಜ್ಞಾನಸ್ನಾನದಲ್ಲಿ ಅವರಿಗೆ ಈ ಹೆಸರನ್ನೇ ಏಕೆ ಇಟ್ಟಿರಿ, ಆ ಸಂತರು ಯಾರು, ಅಂದು ಜ್ಞಾನತಂದೆ ತಾಯಿಯಾಗಿ ನಿಂತವರು ಯಾರು ಎಂದು ಹೇಳಿ. ಬಳಿಕ ಒಬ್ಬೊಬ್ಬರನ್ನೂ ಕೇಳಿ, ನೀನು ಏನಾಗಬೇಕೆಂದಿದ್ದೀ, ಯಾಕೆ ಎಂದು. ಚಿಕ್ಕವಳು ಬಸ್ ಕಂಡಕ್ಟರ್ ಆಗುತ್ತೇನೆಂದರೆ ನಗಬೇಡಿ. ದೊಡ್ಡವನು ಸುಮ್ಮನೆ ಕೂತರೆ ಒತ್ತಾಯಿಸಬೇಡಿ, ಎರಡು ದಿನ ಬಿಟ್ಟು ಹೊಲಕ್ಕೆ ಹೋಗುವ ದಾರಿಯಲ್ಲಿ ಮತ್ತೆ ಕೇಳಿ. ಅವರು ಮಾತನಾಡುವಾಗ ನಡುವೆ ಬಾಯಿ ಹಾಕಬೇಡಿ.